ಹಾಸ್ಟೆಲ್ ದಾಟಿ ವಾರ್ಡಿಗೆ ಬಂದ ಎಐ

ಪಿಜಿ ಕೌನ್ಸೆಲಿಂಗ್ ಶುರುವಾಯಿತೆಂದರೆ ಹಳೆಯ ವಿದ್ಯಾರ್ಥಿಗಳ ಫೋನ್ ಬರತೊಡಗುತ್ತದೆ. ರ‍್ಯಾಂಕ್ ಚೆನ್ನಾಗಿ ಬಂದವರು ಕೇಳುವುದು ಈಚೆಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘ಮೇಡಂ, ಜನರಲ್ ಮೆಡಿಸಿನ್ ತಗೊಳ್ಳಲಾ, ರೇಡಿಯಾಲಜಿ ತಗೊಳ್ಳಲಾ?’ ದೇಶದಾದ್ಯಂತ ಮೊದಲ ಸಾಲಿನ ರ‍್ಯಾಂಕ್‌ನವರು ಆರಿಸಿಕೊಳ್ಳುವುದು ಬಹುಪಾಲು ಈ ಎರಡೇ ವಿಭಾಗಗಳನ್ನು. ರೇಡಿಯಾಲಜಿಯಲ್ಲಿ ಸಂಪಾದನೆ ಇದೆ, ಡ್ಯೂಟಿಯ ಹೊತ್ತು ಹಿಡಿತದಲ್ಲಿರುತ್ತದೆ, ರೋಗಿಯ ಕಡೆಯವರ ಗಲಾಟೆ ಕಡಿಮೆ ಎಂಬುದು ಅವರ ಲೆಕ್ಕ. ಎಐ ಬಂದರೆ ಏನು ಮಾಡುತ್ತೀಯಪ್ಪಾ ಎಂದು ಕೇಳಿದರೆ, ‘ಬಂದ್ರೂ ರಿಪೋರ್ಟಿಗೆ ಸಹಿ ಹಾಕೋಕೆ ಡಾಕ್ಟರ್ ಬೇಕಲ್ಲ ಮೇಡಂ’ ಎನ್ನುತ್ತಾರೆ.

2016ರಲ್ಲಿ ಟೊರಾಂಟೊದ ಸಮಾವೇಶವೊಂದರಲ್ಲಿ ಜೆಫ್ರಿ ಹಿಂಟನ್, ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವುದನ್ನು ಇನ್ನು ನಿಲ್ಲಿಸಬೇಕು, ಐದು ವರ್ಷದಲ್ಲೋ ಹತ್ತು ವರ್ಷದಲ್ಲೋ ಯಂತ್ರವೇ ಅವರಿಗಿಂತ ಚೆನ್ನಾಗಿ ಸ್ಕ್ಯಾನ್ ಓದುತ್ತದೆ ಎಂಬರ್ಥದ ಮಾತಾಡಿದ್ದರು. ಮುಂದೆ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ವಿಜ್ಞಾನಿ ಅವರು. ಆ ಮಾತು ಬ್ರಿಟನ್ನಿನ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಚೆನ್ನಾಗಿಯೇ ಕೂತಿತ್ತು. ಅಲ್ಲಿನ 19 ವೈದ್ಯಕೀಯ ಕಾಲೇಜುಗಳ 484 ವಿದ್ಯಾರ್ಥಿಗಳನ್ನು ಕೇಳಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 49 ಮಂದಿ, ಎಐ ಕಾರಣದಿಂದಲೇ ರೇಡಿಯಾಲಜಿ ಕಡೆ ಹೋಗುವ ಮನಸ್ಸು ಕಡಿಮೆಯಾಗಿದೆ ಎಂದಿದ್ದರು. ಅದಕ್ಕೂ ಮೊದಲು ಜರ್ಮನಿಯ ಮೂರು ವಿಶ್ವವಿದ್ಯಾಲಯಗಳ 263 ವಿದ್ಯಾರ್ಥಿಗಳನ್ನು ಕೇಳಿದಾಗ, ಮನುಷ್ಯ ರೇಡಿಯಾಲಜಿಸ್ಟ್‌ನ ಜಾಗವನ್ನು ಯಂತ್ರ ತೆಗೆದುಕೊಳ್ಳುತ್ತದೆ ಎಂಬುದನ್ನು ಶೇ 83 ಮಂದಿ ಒಪ್ಪಿರಲಿಲ್ಲ.

ಸುದ್ದಿಯಾದದ್ದು ಆ ಶೇ 49. ಬ್ರಿಟನ್ನಿನ ಅದೇ ಸಮೀಕ್ಷೆಯಲ್ಲಿ ಇನ್ನೊಂದು ವಿಷಯವಿದೆ, ಅದನ್ನು ಎತ್ತಿ ಹೇಳಿದವರು ಕಡಿಮೆ. ಎಐ ಬಗ್ಗೆ ಪಾಠ ಹೇಳಿಕೊಟ್ಟರೆ ತಮ್ಮ ವೃತ್ತಿಗೆ ಒಳ್ಳೆಯದು ಎಂದವರು ಶೇ 89. ಅಂಥ ಪಾಠವನ್ನು ಒಂದಿಷ್ಟಾದರೂ ಕೇಳಿದ್ದವರು 484ರಲ್ಲಿ 45 ಜನ; ಕಡ್ಡಾಯ ಪಠ್ಯಕ್ರಮದ ಭಾಗವಾಗಿ ಕೇಳಿದ್ದವರು ಒಬ್ಬರೂ ಇಲ್ಲ. ಪಾಠ ಕೇಳಿದ್ದ ಆ ಸಣ್ಣ ಗುಂಪು ಉಳಿದವರಿಗಿಂತ ಹೆಚ್ಚಾಗಿ ರೇಡಿಯಾಲಜಿಯ ಕಡೆ ಒಲವು ತೋರಿಸಿತ್ತು. ಒಲವಿದ್ದವರೇ ಪಾಠ ಹುಡುಕಿಕೊಂಡು ಹೋಗಿದ್ದರೂ ಹೋಗಿರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಇಷ್ಟು ವರ್ಷ ಮೆಡಿಸಿನ್ ಪಾಠ ಮಾಡಿದ ಮೇಲೆ ನನಗೆ ಕಾಣುವುದೂ ಇದೇ: ಮಕ್ಕಳ ಭಯವಾಗಲಿ, ಅವರ ಅತಿಯಾದ ನಂಬಿಕೆಯಾಗಲಿ ಎಐಯಿಂದ ಹುಟ್ಟುತ್ತಿಲ್ಲ. ನಾವು ಹೇಳಿಕೊಡದೆ ಬಿಟ್ಟ ಜಾಗದಲ್ಲಿ ಹುಟ್ಟುತ್ತಿದೆ.

ನಮ್ಮ ವಿದ್ಯಾರ್ಥಿಗಳಿಗೆ ಭಯ ಇಲ್ಲವೆನ್ನುವಷ್ಟು ಕಡಿಮೆ. ಅವರು ಎಐ ಬಗ್ಗೆ ಅಭಿಪ್ರಾಯ ರೂಪಿಸಿಕೊಳ್ಳುವ ಮೊದಲೇ ಅದನ್ನು ಬಳಸತೊಡಗಿದರು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಮರುವರ್ಷ ಫೆಬ್ರುವರಿಯ ಹೊತ್ತಿಗೆ, ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯ ಪ್ರಶ್ನೆಗಳಿಗೆ ಅದು ಪಾಸಾಗುವ ಮಟ್ಟದ ಆಸುಪಾಸಿನಲ್ಲಿ ಉತ್ತರಿಸಿತು ಎಂಬ ಸಂಶೋಧನಾ ಲೇಖನ ಪ್ರಕಟವಾಯಿತು. ಅಷ್ಟರಲ್ಲಾಗಲೇ ಹಾಸ್ಟೆಲ್‌ಗಳಲ್ಲಿ ಇಂಟರ್ನಲ್ಸ್ ಹಿಂದಿನ ರಾತ್ರಿ ಅದು ಎಲ್ಲರ ಜೊತೆ ಎಚ್ಚರವಾಗಿತ್ತು. ಬ್ರೇಕಿಯಲ್ ಪ್ಲೆಕ್ಸಸ್ ನೆನಪಿಡಲು ಸೂತ್ರ ಬೇಕೇ, ಸೆಮಿನಾರಿಗೆ ಪಿಪಿಟಿ ಬೇಕೇ, ಫಾರ್ಮಕಾಲಜಿಗೆ ಇಪ್ಪತ್ತು ಎಂಸಿಕ್ಯೂ ಬೇಕೇ, ಎಲ್ಲ ಅಲ್ಲೇ. ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿವೇತನಕ್ಕೆ ಸಂಶೋಧನಾ ಪ್ರಸ್ತಾವ ಬರೆಯುವವರೂ ಅದನ್ನೇ ಕೇಳುತ್ತಾರೆ. ಅಂಥ ಪ್ರಸ್ತಾವಗಳಲ್ಲಿ ಲೇಖಕರ ಹೆಸರು, ಪತ್ರಿಕೆ, ವರ್ಷ, ಪುಟಸಂಖ್ಯೆ ಎಲ್ಲ ಸರಿಯಾಗಿ ಕಾಣುವ, ಆದರೆ ಎಲ್ಲಿ ಹುಡುಕಿದರೂ ಸಿಗದ ಆಕರಗಳು ಬರತೊಡಗಿದ ಮೇಲೆ ಮಾರ್ಗದರ್ಶಕರು ಒಂದೊಂದನ್ನೂ ತೆರೆದು ನೋಡುವ ಅಭ್ಯಾಸ ಮಾಡಿಕೊಂಡಿದ್ದಾರೆ.

ಹಾಗೆಂದು ಹಾಸ್ಟೆಲ್ ರೂಮಿನಲ್ಲಿ ನಡೆಯುವುದೆಲ್ಲ ಕಳ್ಳತನವೆಂದು ತೀರ್ಮಾನಿಸುವ ಸಹೋದ್ಯೋಗಿಗಳ ಜೊತೆ ನನಗೆ ಜಗಳವಿದೆ.

ಹಾವೇರಿ, ಯಾದಗಿರಿ, ಚಾಮರಾಜನಗರದ ಕಡೆಯ ಸರ್ಕಾರಿ ಶಾಲೆಗಳಲ್ಲಿ ಓದಿ, ಗ್ರಾಮೀಣ ಕೋಟಾದಲ್ಲೋ ಕನ್ನಡ ಮಾಧ್ಯಮದ ಕೋಟಾದಲ್ಲೋ ಸೀಟು ಗಿಟ್ಟಿಸಿ ಬರುವ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ಮೊದಲ ವರ್ಷದ ಅನಾಟಮಿ, ಬಯೊಕೆಮಿಸ್ಟ್ರಿ ಪುಸ್ತಕದ ಇಂಗ್ಲಿಷ್ ಅವರನ್ನು ಹಿಂದಿನ ಬೆಂಚಿಗೆ ತಳ್ಳುತ್ತದೆ. ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಕೆಲವರು ಆ ವರ್ಷದ ಪರೀಕ್ಷೆಯಲ್ಲಿ ಹಿಂದೆ ಬಿದ್ದು, ಬ್ಯಾಚಿನಿಂದಲೇ ಬೇರೆಯಾಗಿ, ಒಳಗೊಳಗೇ ಕುಗ್ಗಿ ಹೋಗುತ್ತಾರೆ. ಅಂಥ ಒಬ್ಬ ಹುಡುಗ ಈಗ ಫೈನಲ್ ಇಯರ್‌ನಲ್ಲಿದ್ದಾನೆ, ವಾರ್ಡಿನಲ್ಲಿ ಒಳ್ಳೆಯ ಹೆಸರು. ಅವನು ಹೇಳಿದ್ದು: ‘ಕ್ರೆಬ್ಸ್ ಸೈಕಲ್ ಅರ್ಥ ಆಗ್ಲಿಲ್ಲ ಅಂತ ಕ್ಲಾಸಲ್ಲಿ ಕೈ ಎತ್ತಿದ್ರೆ ಎಲ್ರೂ ತಿರುಗಿ ನೋಡೋರು ಮೇಡಂ. ಇದಕ್ಕೆ ಕನ್ನಡದಲ್ಲೇ ಕೇಳ್ದೆ. ಹತ್ತು ಸಲ ಕೇಳಿದ್ರೂ ಬೇಜಾರು ಮಾಡ್ಕೊಳ್ಳಲಿಲ್ಲ.’ ಎಐಯ ಕನ್ನಡ ಕೆಲವು ಕಡೆ ಎಡವುತ್ತದೆ, ವೈದ್ಯಕೀಯ ಪದಗಳನ್ನು ಎಲ್ಲಿಂದಲೋ ಹೆಕ್ಕಿ ತಂದು ಹಾಕುತ್ತದೆ. ಆದರೂ ಆ ಹುಡುಗನಿಗೆ ಅವಮಾನವಾಗದಂತೆ ಪಾಠ ಹೇಳಿದ್ದು ಅದೇ. ನಾವು ಮಾಡಬೇಕಿದ್ದ ಕೆಲಸ ಅದು. ಎಐ ಬಗ್ಗೆ ಅವನ ಅಭಿಮಾನವನ್ನು ನಾನು ತಪ್ಪೆನ್ನಲಾರೆ.

ನನಗೆ ನೋವಾದದ್ದು ಬೇರೆ ಕಡೆ. 2019ರಿಂದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಹೊಸ ಪಠ್ಯಕ್ರಮ ಬಂದಿದೆ. ಅದರಲ್ಲಿ ರೋಗಿಯ ಜೊತೆಗಿನ ನಡವಳಿಕೆ, ನೈತಿಕತೆ, ಸಂವಹನಕ್ಕೆಂದೇ ಏಟ್‌ಕಾಮ್ ಎಂಬ ಭಾಗವಿದೆ. ಆ ತರಗತಿಗಳಾದ ಮೇಲೆ ವಿದ್ಯಾರ್ಥಿ ತನಗೆ ಏನನ್ನಿಸಿತೆಂದು ಲಾಗ್‌ಬುಕ್ಕಿನಲ್ಲಿ ‘ರಿಫ್ಲೆಕ್ಷನ್’ ಬರೆಯಬೇಕು. ಮೊದಲ ಸಾವನ್ನು ಕಂಡದ್ದು, ಕೆಟ್ಟ ಸುದ್ದಿಯನ್ನು ಮನೆಯವರಿಗೆ ತಿಳಿಸಿದ್ದು, ಇಂಥವು ಅಲ್ಲಿ ಬರಬೇಕು. ಒಂದು ಬ್ಯಾಚಿನ ಲಾಗ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು ಓದುತ್ತಾ ಹೋದಾಗ ಕಂಡದ್ದು ಒಂದೇ ತೆರನ ಮೂರು ಪ್ಯಾರಾ: ಈ ಅನುಭವ ನನ್ನನ್ನು ಆಳವಾಗಿ ತಟ್ಟಿತು, ಸಹಾನುಭೂತಿಯ ಮಹತ್ವವನ್ನು ಅರಿತೆ, ಮುಂದೆ ಉತ್ತಮ ವೈದ್ಯನಾಗಲು ಇದು ದಾರಿ. ಇಂಗ್ಲಿಷ್‌ನಲ್ಲಿ ಒಂದು ಕಾಮಾ ತಪ್ಪಿಲ್ಲ. ಎದೆನೋವಿನಿಂದ ಬಂದು ಕ್ಯಾಶುವಾಲಿಟಿಯಲ್ಲೇ ತೀರಿಕೊಂಡ ರೋಗಿಯ ಹೆಂಡತಿಯ ಪಕ್ಕ ಬಹಳ ಹೊತ್ತು ಸುಮ್ಮನೆ ಕೂತಿದ್ದ ಹುಡುಗಿಯ ಪುಸ್ತಕದಲ್ಲೂ ಅದೇ ಮೂರು ಪ್ಯಾರಾ. ಅವಳು ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಯಾಕಮ್ಮಾ ನಿನ್ನ ಮಾತಲ್ಲೇ ಬರೆಯಲಿಲ್ಲ ಎಂದದ್ದಕ್ಕೆ ಅವಳು, ‘ಯಾರೂ ಓದಲ್ಲ ಅಂದ್ಕೊಂಡಿದ್ದೆ ಮೇಡಂ. ಸಹಿ ಹಾಕ್ತಾರೆ ಅಷ್ಟೆ ಅಂತ ಸೀನಿಯರ್ಸ್ ಹೇಳಿದ್ರು’ ಎಂದಳು.

ಸೀನಿಯರ್‌ಗಳು ಸುಳ್ಳು ಹೇಳಿರಲಿಲ್ಲ. ವಿದ್ಯಾರ್ಥಿಗಳು ಯಾವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುತ್ತಾರೆಂದು ಗಮನಿಸಿದರೆ, ನಾವೇ ಶಾಸ್ತ್ರಕ್ಕೆ ಇಳಿಸಿದ ಕೆಲಸಗಳು ಯಾವುವೆಂದು ತಿಳಿಯುತ್ತದೆ. ಆ ಬ್ಯಾಚಿಗೆ ಆಮೇಲೆ ಬರಹದ ಬದಲು ಆರಾರು ಜನರ ಗುಂಪಿನಲ್ಲಿ ಕೂತು ಬಾಯಲ್ಲೇ ಹೇಳುವಂತೆ ಮಾಡಿದೆವು. ಕನ್ನಡ, ಇಂಗ್ಲಿಷ್, ಯಾವುದಾದರೂ ಸರಿ. ಮಾತು ಬಂತು, ಕೆಲವರಿಗೆ ಅಳುವೂ ಬಂತು.

ರಾತ್ರಿ ಎಲ್ಲಿ ಮಲಗಿದ್ದಿರಿ?

ವಾರ್ಡಿನ ಮಾತಿಗೆ ಬರುತ್ತೇನೆ. ನಮ್ಮ ಮಕ್ಕಳ ಮನಸ್ಸಿನಲ್ಲಿ ಎಐ ಬಗ್ಗೆ ಏನಿದೆ ಎಂಬುದು ನನಗೆ ಅತಿ ಸ್ಪಷ್ಟವಾಗಿ ಕಂಡದ್ದು ಒಂದು ಮಳೆಗಾಲದ ಬೆಳಿಗ್ಗೆ, ಒಂದು ಕೇಸಿನ ಮುಂದೆ.

ಕೂಲಿ ಕೆಲಸದ ಹೆಂಗಸು, ನಲವತ್ತರ ಆಸುಪಾಸು. ನಸುಕಿನಲ್ಲಿ ಹೊಟ್ಟೆನೋವು ಶುರುವಾಗಿ ಎರಡು ಸಲ ವಾಂತಿಯಾಗಿದೆ. ಗಂಟಲು ಕಟ್ಟಿದಂತಿದೆ ಎನ್ನುತ್ತಾಳೆ. ಜ್ವರವಿಲ್ಲ, ಬಿಪಿ ಸರಿಯಿದೆ, ಹೊಟ್ಟೆ ಮೆತ್ತಗಿದೆ. ಡ್ಯೂಟಿಯಲ್ಲಿದ್ದ ಹೌಸ್ ಸರ್ಜನ್ ಹುಡುಗ ಚುರುಕಿನವನು. ವಯಸ್ಸು, ಲಿಂಗ, ಹೊಟ್ಟೆನೋವು, ವಾಂತಿ ಎಂದು ಫೋನಿಗೆ ಹಾಕಿದ. ಗ್ಯಾಸ್ಟ್ರೈಟಿಸ್, ಫುಡ್ ಪಾಯಿಸನಿಂಗ್, ಪಿತ್ತಕೋಶದ ಕಲ್ಲು, ಪ್ಯಾಂಕ್ರಿಯಾಟೈಟಿಸ್ ಎಂದು ಪಟ್ಟಿ ಬಂತು. ಪಟ್ಟಿಯಲ್ಲಿ ಒಂದೂ ತಪ್ಪಿರಲಿಲ್ಲ. ಪ್ಯಾಂಟೊಪ್ರಜೋಲ್, ಓಂಡನ್‌ಸೆಟ್ರಾನ್ ಇಂಜೆಕ್ಷನ್ ಬರೆದು ಅಬ್ಸರ್ವೇಷನ್‌ನಲ್ಲಿ ಇಟ್ಟಿದ್ದ.

ರೌಂಡ್ಸಿಗೆ ಬಂದ ಪಿಜಿ ಹುಡುಗಿ ಆ ಹೆಂಗಸಿನ ಮುಖ ನೋಡಿದಳು. ಕಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ರಾತ್ರಿಯೆಲ್ಲ ನಿದ್ದೆಯಿಲ್ಲದ್ದಕ್ಕೆ ಎಂದು ಜೊತೆಗಿದ್ದವರು ಅಂದುಕೊಂಡಿದ್ದರು. ‘ಅಕ್ಕಾ, ತಲೆ ಅಲ್ಲಾಡಿಸದೆ ಮೇಲೆ ನೋಡಿ’ ಎಂದಳು. ರೆಪ್ಪೆ ಏಳಲಿಲ್ಲ. ‘ರಾತ್ರಿ ಎಲ್ಲಿ ಮಲಗಿದ್ರಿ?’ ಶೆಡ್ಡಿನ ನೆಲದಲ್ಲಿ, ಚಾಪೆ ಹಾಸಿಕೊಂಡು. ‘ಏನಾದ್ರೂ ಕಚ್ಚಿತಾ?’ ಇಲ್ಲ. ಮೈಮೇಲೆಲ್ಲ ಹುಡುಕಿದರೂ ಗುರುತಾಗಿ ಏನೂ ಕಾಣಲಿಲ್ಲ.

ಕಟ್ಟುಹಾವಿನ ಕಡಿತ ಹೀಗೇ ಇರುತ್ತದೆ. ಅದು ರಾತ್ರಿ ಓಡಾಡುವ ಹಾವು. ನೆಲದಲ್ಲಿ ಮಲಗಿದವರನ್ನು ಕಚ್ಚಿದರೂ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ, ಊತ ಬರುವುದಿಲ್ಲ, ಹಲ್ಲಿನ ಗುರುತೂ ಸಿಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಇಳಿಯುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ನಾಗರಹಾವು, ಕೊಳಕುಮಂಡಲ, ಗರಗಸ ಮಂಡಲಗಳ ಜೊತೆ ಕಟ್ಟುಹಾವಿನ ವಿಷಕ್ಕೂ ಕೆಲಸ ಮಾಡುವ ಪ್ರತಿವಿಷ ನಮ್ಮ ಆಸ್ಪತ್ರೆಗಳಲ್ಲಿರುತ್ತದೆ, ಆದರೆ ಹೊತ್ತು ಮೀರಬಾರದು. ಆ ಹೆಂಗಸಿಗೆ ಪ್ರತಿವಿಷ ಕೊಟ್ಟು, ಉಸಿರಾಟ ಸೋತಾಗ ವೆಂಟಿಲೇಟರಿಗೆ ಹಾಕಿ ಉಳಿಸಿಕೊಂಡೆವು. ಅವಳು ನಡೆದುಕೊಂಡೇ ಮನೆಗೆ ಹೋದಳು.

ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಕರ್ನಾಟಕ ಸರ್ಕಾರ 2024ರಲ್ಲಿ ಘೋಷಿಸಿತು. ಪ್ರತಿ ಪ್ರಕರಣವೂ ವರದಿಯಾಗಬೇಕು. ಆದರೆ ವರದಿಯಾಗಲು ಮೊದಲು ಯಾರಾದರೂ ಅದನ್ನು ಹಾವು ಕಡಿತವೆಂದು ಗುರುತಿಸಬೇಕಲ್ಲ.

ಆ ಹೌಸ್ ಸರ್ಜನ್ ಸಂಜೆ ನನ್ನ ಹತ್ತಿರ ಬಂದ. ಫೋನ್ ತೋರಿಸಿದ. ರೆಪ್ಪೆ ಇಳಿದದ್ದು, ನೆಲದಲ್ಲಿ ಮಲಗಿದ್ದು, ಗಂಟಲು ಕಟ್ಟಿದಂತಾದದ್ದು ಎಲ್ಲ ಸೇರಿಸಿ ಮತ್ತೆ ಕೇಳಿದ್ದ. ಮೊದಲ ಸಾಲಿನಲ್ಲೇ ಕಟ್ಟುಹಾವಿನ ಕಡಿತವೆಂದು ಇತ್ತು, ಕೂಡಲೇ ಪ್ರತಿವಿಷ ಕೊಡಿ, ಉಸಿರಾಟದ ಮೇಲೆ ಕಣ್ಣಿಡಿ ಎಂದೂ ಇತ್ತು. ‘ಅದಕ್ಕೆ ಗೊತ್ತಿತ್ತು ಮೇಡಂ. ನಾನು ಹೇಳಿರಲಿಲ್ಲ’ ಎಂದ.

ಎಐ ಬಗ್ಗೆ ನಾನು ಕೇಳಿದ ಉಪನ್ಯಾಸಗಳಲ್ಲಿ ಯಾವುದೂ ಇಷ್ಟು ಚೆನ್ನಾಗಿ ವಿಷಯ ಮುಟ್ಟಿಸಿರಲಿಲ್ಲ. ಪುಸ್ತಕದ ಜ್ಞಾನ ಇಂದು ಎಲ್ಲರ ಜೇಬಿನಲ್ಲಿದೆ. ಏನನ್ನು ಕೇಳಬೇಕು, ಎಲ್ಲಿ ನೋಡಬೇಕು, ರೋಗಿ ಹೇಳದೆ ಬಿಟ್ಟದ್ದೇನು, ಇವು ಮಂಚದ ಪಕ್ಕ ನಿಂತವನ ಕೈಯಲ್ಲೇ ಉಳಿದಿವೆ. ಮಲೆನಾಡಿನಲ್ಲಿ ಬೇಸಿಗೆಗೆ ಮುಂಚೆ ಜ್ವರವೆಂದು ಬಂದವರನ್ನು ಕಾಡಿಗೆ ಹೋಗಿದ್ದಿರಾ, ಸುತ್ತಮುತ್ತ ಮಂಗ ಸತ್ತಿತ್ತಾ ಎಂದು ಕೇಳದಿದ್ದರೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡು ಇಂದಿಗೂ ಜೀವ ತೆಗೆಯುತ್ತಿರುವ ಮಂಗನ ಕಾಯಿಲೆ ಬರಿಯ ವೈರಲ್ ಜ್ವರವಾಗಿ ಕೇಸ್ ಶೀಟಿನಲ್ಲಿ ಕೂರುತ್ತದೆ. ಹೊಸ ಪಠ್ಯಕ್ರಮದಲ್ಲಿ ಮಕ್ಕಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಆಗಾಗ ಹೋಗಿಬರಬೇಕೆಂಬ ಏರ್ಪಾಡಿದೆ. ಬಿಸಿಲಲ್ಲಿ ಬಸ್ಸು ಹತ್ತಿಳಿಯುವ ಕಾಟವೆಂದು ಬಹಳ ಮಂದಿ ಗೊಣಗುತ್ತಾರೆ. ಆ ಮನೆಗಳಲ್ಲಿ ಮಂಚ ಎಷ್ಟಿದೆ ಎಂದು ನೋಡಿಕೊಂಡು ಬಂದವರಿಗೆ ಆ ಹೆಂಗಸಿನ ಮುಂದೆ ಯಾವ ಪ್ರಶ್ನೆ ಕೇಳಬೇಕೆಂದು ಹೊಳೆಯುತ್ತಿತ್ತು ಎಂದು ನಾನು ನಂಬುತ್ತೇನೆ.

ಕಲಿಯದೇ ಹೋದರೆ

ಎಐ ನೆಚ್ಚಿಕೊಂಡರೆ ಕಲಿತದ್ದು ಮರೆತುಹೋಗುತ್ತದೆಂಬ ಭಯದ ಮಾತನ್ನು ಹಿರಿಯ ವೈದ್ಯರು ಆಡುತ್ತಾರೆ. ಅದಕ್ಕೆ ಆಧಾರವಿದೆ. ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ಕೊಲೊನೊಸ್ಕೋಪಿಗೆ ಎಐ ಜೋಡಿಸಿದರು. ದೊಡ್ಡ ಕರುಳಿನಲ್ಲಿರುವ, ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟುಗಳನ್ನು ಅದು ಪರದೆಯ ಮೇಲೆ ಗುರುತು ಹಾಕಿ ತೋರಿಸುತ್ತದೆ. ಅದಾದ ಮೇಲಿನ ಕೆಲವು ತಿಂಗಳಲ್ಲಿ ಎಐ ಇಲ್ಲದೆ ಮಾಡಿದ ಪರೀಕ್ಷೆಗಳನ್ನು ಎತ್ತಿಕೊಂಡು ಹಿಂದಿನವುಗಳ ಜೊತೆ ಹೋಲಿಸಿದರು. ಎಐ ಬರುವ ಮೊದಲು ಶೇ 28.4 ರೋಗಿಗಳಲ್ಲಿ ಇಂಥ ಗಂಟು ಪತ್ತೆಯಾಗುತ್ತಿದ್ದುದು ಶೇ 22.4ಕ್ಕೆ ಇಳಿದಿತ್ತು. ನೋಡಿದ 19 ವೈದ್ಯರಲ್ಲಿ ಪ್ರತಿಯೊಬ್ಬರೂ ಅದಕ್ಕೆ ಮೊದಲು ಎರಡು ಸಾವಿರಕ್ಕೂ ಹೆಚ್ಚು ಕೊಲೊನೊಸ್ಕೋಪಿ ಮಾಡಿದ್ದವರು. 2025ರಲ್ಲಿ ಲ್ಯಾನ್ಸೆಟ್ ಸಮೂಹದ ಪತ್ರಿಕೆಯಲ್ಲಿ ಇದು ಬಂತು. ಬೇರೆ ಕಾರಣಗಳೂ ಇರಬಹುದಾದ, ಗಮನಿಸಿ ದಾಖಲಿಸಿದ ಅಧ್ಯಯನ ಅದು, ಅಂತಿಮ ತೀರ್ಪಲ್ಲ.

ಎರಡು ಸಾವಿರ ಸಲ ನೋಡಿದ ಕಣ್ಣಿಗೇ ಹೀಗಾಗುವ ಸಂಭವವಿದ್ದರೆ, ಇನ್ನೂ ಹತ್ತು ಸಲವೂ ನೋಡದವರ ಗತಿಯೇನು ಎಂಬುದು ನನ್ನ ಚಿಂತೆ. ಹಿರಿಯರಿಗೆ ಮರೆಯಲು ಏನಾದರೂ ಇದೆ. ಮೈಟ್ರಲ್ ಸ್ಟೆನೋಸಿಸ್‌ನ ಸದ್ದು ಕಿವಿಗೆ ಹತ್ತಬೇಕಾದರೆ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಸ್ಟೆತಾಸ್ಕೋಪಿನ ಬೆಲ್ ಅನ್ನು ಹಗುರವಾಗಿ ಇಟ್ಟು, ಸುತ್ತಲಿನ ಗದ್ದಲದಲ್ಲಿ ಆ ಮಂದ್ರ ಗುಡುಗನ್ನು ಹುಡುಕಬೇಕು. ಮೊದಲ ಹಲವು ಸಲ ಕೇಳುವುದೇ ಇಲ್ಲ. ಕೇಳಿಸಿತು ಎಂದು ಸುಳ್ಳು ಹೇಳುವ ಹಂತವೊಂದು ಎಲ್ಲರಿಗೂ ಬರುತ್ತದೆ. ಆಮೇಲೆ ಒಂದು ದಿನ ನಿಜವಾಗಿ ಕೇಳುತ್ತದೆ. ಎಕೊ ರಿಪೋರ್ಟ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುತ್ತಿದ್ದವರು ಈಗ, ಸದ್ದನ್ನು ತಾನೇ ಗುರುತಿಸುವ ಡಿಜಿಟಲ್ ಸ್ಟೆತಾಸ್ಕೋಪ್ ಬಂದಿದೆಯಲ್ಲ ಎನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ತುಂಬು ಗರ್ಭಿಣಿ ಏದುಸಿರು ಬಿಡುತ್ತಾ ಬಂದಾಗ ಆ ಉಪಕರಣ ಚಾರ್ಜ್ ಆಗಿ ಕೈಯಲ್ಲಿ ಇರುತ್ತದೆಂದು ಅವರಿಗೆ ಭರವಸೆ ಕೊಟ್ಟವರು ಯಾರೆಂದು ನನಗೆ ಗೊತ್ತಿಲ್ಲ.

ಆದ್ದರಿಂದ ಯಂತ್ರವನ್ನು ತರಗತಿಯಿಂದ ಹೊರಗಿಡಬೇಕೆಂದು ನಾನು ಹೇಳುವುದಿಲ್ಲ. ಹೊರಗಿಡಲು ಆಗುವುದೂ ಇಲ್ಲ. ಅದು ಬರುವ ಸರದಿಯನ್ನು ಮಾತ್ರ ನಾವು ನಿಗದಿ ಮಾಡಬೇಕು. ವಿದ್ಯಾರ್ಥಿ ಮೊದಲು ತಾನು ಕೇಳಿ, ಮುಟ್ಟಿ, ನೋಡಿ, ತನ್ನ ಅಂದಾಜನ್ನು ಪೆನ್ನಿನಲ್ಲಿ ಬರೆಯಲಿ. ಫೋನ್ ಆಮೇಲೆ ಹೊರಬರಲಿ. ಎರಡಕ್ಕೂ ವ್ಯತ್ಯಾಸ ಬಂದರೆ ಅಲ್ಲಿಂದ ಪಾಠ ಶುರುವಾಗಲಿ.

ಹಾಗೆ ಶುರುವಾದ ಪಾಠಗಳಲ್ಲಿ ಮಕ್ಕಳು ಅತಿ ಹೆಚ್ಚು ಕಿವಿಗೊಟ್ಟದ್ದು, ಅವರು ಅತಿ ಹೆಚ್ಚು ದ್ವೇಷಿಸುವ ವಿಷಯಕ್ಕೆ: ಕಮ್ಯುನಿಟಿ ಮೆಡಿಸಿನ್‌ನ ಸಂಖ್ಯಾಶಾಸ್ತ್ರ. ಕ್ಷಯರೋಗದ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇಯನ್ನು ಕಂಪ್ಯೂಟರ್ ಓದಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, 15 ವರ್ಷ ಮತ್ತು ಮೇಲಿನವರಿಗೆ, ಶಿಫಾರಸು ಮಾಡಿದೆ. ಓದುವ ತಜ್ಞರೇ ಇಲ್ಲದ ಕಡೆ ಇದು ದೊಡ್ಡ ಉಪಕಾರ. ಈಗ ಒಂದು ಶಿಬಿರವನ್ನು ಊಹಿಸಿ ಲೆಕ್ಕ ಹಾಕಿ ಎಂದೆ. ಸಾವಿರ ಜನ ಬಂದಿದ್ದಾರೆ, ಅವರಲ್ಲಿ 10 ಜನರಿಗೆ ಕ್ಷಯವಿದೆ ಎನ್ನೋಣ. ಕಾಯಿಲೆಯಿರುವವರಲ್ಲಿ ಶೇ 90ರಷ್ಟನ್ನು ಯಂತ್ರ ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 80ರಷ್ಟನ್ನು ಇಲ್ಲವೆಂದು ಸರಿಯಾಗಿ ಹೇಳುತ್ತದೆ ಎನ್ನೋಣ. ಹಾಗಾದರೆ ಯಂತ್ರ ಬೊಟ್ಟು ಮಾಡಿದವರಲ್ಲಿ ನಿಜವಾದ ರೋಗಿಗಳೆಷ್ಟು? ತರಗತಿಯ ಬಹುಪಾಲು ನೂರಕ್ಕೆ 90 ಎಂದಿತು. ಕೂಡಿಸಿ ಕಳೆದಾಗ ಬಂದದ್ದು: 9 ನಿಜವಾದ ರೋಗಿಗಳು, ಕಾಯಿಲೆಯಿಲ್ಲದೆ ಸಿಕ್ಕಿಬಿದ್ದವರು 198. ನೂರಕ್ಕೆ ಐದೂ ಇಲ್ಲ. ಹಾಗಾಗಿಯೇ ಎಕ್ಸ್‌ರೇ ಆದ ಮೇಲೆ ಕಫದ ಪರೀಕ್ಷೆ ಆಗಲೇಬೇಕು. ಶೇ 90 ಎಂದು ಜಾಹೀರಾತಿನಲ್ಲಿ ಕಂಡರೆ ಇನ್ನು ಮುಂದೆ ಈ ಮಕ್ಕಳು ಮೊದಲು ಕೇಳುವುದು, ಯಾರ ನಡುವೆ ಬಳಸುತ್ತಿದ್ದೀರಿ ಎಂದು.

ಯಂತ್ರ ಯಾರಿಂದ ಕಲಿತದ್ದು ಎಂಬುದು ಅದರ ಜೊತೆಗಿನ ಪ್ರಶ್ನೆ. ಇದಕ್ಕೆ ಹೊರದೇಶದ ಉದಾಹರಣೆ ಹುಡುಕಬೇಕಿಲ್ಲ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ತಜ್ಞರಿಂದ ಪಾಠ ಹೇಳಿಸಿಕೊಂಡಿದ್ದ ಐಬಿಎಂನ ವಾಟ್ಸನ್ ಎಂಬ ಎಐ ವ್ಯವಸ್ಥೆ ಬೆಂಗಳೂರಿನ ಮಣಿಪಾಲ್ ಆಸ್ಪತ್ರೆಗೂ ಬಂದಿತ್ತು. ಇಲ್ಲಿನ ವೈದ್ಯರು 638 ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ತಮ್ಮ ತಂಡದ ತೀರ್ಮಾನವನ್ನೂ ವಾಟ್ಸನ್ ಸಲಹೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ, 2018ರಲ್ಲಿ ಪ್ರಕಟಿಸಿದರು. ಶೇ 93ರಲ್ಲಿ ಎರಡೂ ಹೊಂದಿದ್ದವು. ಮೊದಲ ಮತ್ತು ನಾಲ್ಕನೇ ಹಂತದ ರೋಗಿಗಳಲ್ಲಿ ಹೊಂದಾಣಿಕೆ ಕಡಿಮೆಯಿತ್ತು, ವಯಸ್ಸೂ ವ್ಯತ್ಯಾಸ ತಂದಿತ್ತು. ಅದೇ ವರ್ಷ ಅಮೆರಿಕದ ಪತ್ರಿಕೆಯೊಂದು, ವಾಟ್ಸನ್ ಕೆಲವು ಕಡೆ ಅಪಾಯಕಾರಿ ಸಲಹೆ ಕೊಟ್ಟಿತ್ತೆಂದು ಕಂಪನಿಯ ಒಳಗಿನ ದಾಖಲೆಗಳೇ ಹೇಳುತ್ತವೆ ಎಂದು ವರದಿ ಮಾಡಿತು. 2022ರಲ್ಲಿ ಐಬಿಎಂ ತನ್ನ ಆರೋಗ್ಯ ದತ್ತಾಂಶದ ವ್ಯವಹಾರವನ್ನೇ ಮಾರಿತು. ಬೆಂಗಳೂರಿನ ಆ ಅಧ್ಯಯನವನ್ನು ನಮ್ಮ ರಾಜ್ಯದ ಪ್ರತಿ ಮೆಡಿಕಲ್ ಕಾಲೇಜಿನಲ್ಲೂ ಜರ್ನಲ್ ಕ್ಲಬ್ಬಿಗೆ ಇಡಬೇಕು. ತಾವೇ ಅಳೆದು ನೋಡಿ ಬರೆದ ಆ ಕೆಲಸದಲ್ಲಿ ವಿದ್ಯಾರ್ಥಿಗಳಿಗೆ ಬೇಕಾದ ಮನೋಭಾವವಿದೆ. ಶೇ 93 ಹೊಂದಿಕೆ ಎಂದರೆ ಶೇ 93 ಸರಿ ಎಂದಲ್ಲ, ಇಬ್ಬರೂ ಒಂದೇ ಮಾತು ಹೇಳಿದರು ಎಂದಷ್ಟೇ. ಆ ಅಂತರ ಅರ್ಥವಾದ ವಿದ್ಯಾರ್ಥಿಗೆ ಎಐ ಬಗ್ಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಬಿಳಿ ಕೋಟಿನಾಚೆ

ಎಐ ಮತ್ತು ವೈದ್ಯ ಶಿಕ್ಷಣ ಎಂದಾಗ ಎಲ್ಲರ ಕಣ್ಣು ಎಂಬಿಬಿಎಸ್ ಮೇಲೆ. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳ, ಬಂಗಾಳ, ಈಶಾನ್ಯ ರಾಜ್ಯಗಳಿಂದ ಬಂದ ಸಾವಿರಾರು ಮಕ್ಕಳಿದ್ದಾರೆ. ಅವರ ಮಟ್ಟಿಗೆ ಎಐ ವಾರ್ಡಿಗೆ ಕಾಲಿಟ್ಟದ್ದು ಭಾಷೆಯ ಮೂಲಕ. ಕನ್ನಡ ಮಾತ್ರ ಬರುವ ಅಜ್ಜಿಯ ಮಂಚದ ಪಕ್ಕ ನಿಂತು, ಫೋನಿಗೆ ಮಲಯಾಳದಲ್ಲಿ ಹೇಳಿ ಅಜ್ಜಿಗೆ ಕೇಳಿಸುತ್ತಾರೆ. ಅಜ್ಜಿ ಫೋನಿಗೆ ಉತ್ತರ ಕೊಡದೆ ಹುಡುಗಿಯ ಮುಖ ನೋಡಿ ಮಾತಾಡುತ್ತಾಳೆ. ಒಂದೆರಡು ತಿಂಗಳಲ್ಲಿ ಬಹುತೇಕರು ‘ಊಟ ಆಯ್ತಾ ಅಜ್ಜಿ, ನೋವು ಎಲ್ಲಿ?’ ಎನ್ನುವಷ್ಟು ಕಲಿತು ಫೋನನ್ನು ಜೇಬಿಗೆ ಹಾಕುತ್ತಾರೆ.

ಬಿಎಸ್ಸಿ ನರ್ಸಿಂಗ್‌ನ ಪರಿಷ್ಕೃತ ಪಠ್ಯಕ್ರಮದಲ್ಲಿ ಹೆಲ್ತ್ ಇನ್ಫರ್ಮ್ಯಾಟಿಕ್ಸ್ ಎಂಬ ವಿಷಯವೇ ಇದೆ. ಈ ವಿಚಾರದಲ್ಲಿ ಅವರು ಎಂಬಿಬಿಎಸ್‌ನವರಿಗಿಂತ ಒಂದು ಹೆಜ್ಜೆ ಮುಂದಿದ್ದಾರೆ. ಪ್ರಶ್ನೆಗಳಲ್ಲೂ ಮುಂದಿದ್ದಾರೆ. ಎಂಬಿಬಿಎಸ್ ಹುಡುಗರು ಅದು ಎಷ್ಟು ಸರಿ ಹೇಳುತ್ತದೆ ಎಂದು ಕೇಳಿದರೆ, ನರ್ಸಿಂಗ್ ಹುಡುಗಿಯರು ಕೇಳಿದ್ದು, ತಪ್ಪಾದರೆ ಬೈಸಿಕೊಳ್ಳುವುದು ಯಾರು ಎಂದು. ಅಮೆರಿಕದ ಬಹಳ ಆಸ್ಪತ್ರೆಗಳಲ್ಲಿದ್ದ, ಸೆಪ್ಸಿಸ್ ಬರುವುದನ್ನು ಮೊದಲೇ ಎಚ್ಚರಿಸುವ ಒಂದು ವ್ಯವಸ್ಥೆಯನ್ನು ಮಿಷಿಗನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2021ರಲ್ಲಿ ಬರೆದರು. ಸೆಪ್ಸಿಸ್ ಆದವರಲ್ಲಿ ಶೇ 67 ಮಂದಿಯನ್ನು ಅದು ಗುರುತಿಸಿರಲಿಲ್ಲ. ಅದೇ ಹೊತ್ತಿಗೆ ಒಟ್ಟು ಒಳರೋಗಿಗಳಲ್ಲಿ ಶೇ 18 ಮಂದಿಗೆ ಎಚ್ಚರಿಕೆಯ ಗಂಟೆ ಬಾರಿಸಿತ್ತು. ಇದನ್ನು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, ‘ಗಂಟೆ ಹೊಡೆದಾಗಲೆಲ್ಲ ಓಡೋದು ನಾವು ಮ್ಯಾಮ್. ಹೊಡೀದೇ ಇದ್ದಾಗ ಯಾಕೆ ನೋಡ್ಲಿಲ್ಲ ಅಂತ ಕೇಳೋದೂ ನಮ್ಮನ್ನೇ’ ಎಂದಳು. ಅವಳ ಮಾತಿಗೆ ನಮ್ಮ ಯಾವ ನಿಯಮಾವಳಿಯಲ್ಲೂ ನೇರ ಉತ್ತರ ನನಗೆ ಸಿಗಲಿಲ್ಲ. ಐಸಿಎಂಆರ್ 2023ರಲ್ಲಿ ಹೊರತಂದ ಎಐ ನೈತಿಕ ಮಾರ್ಗಸೂಚಿಯಲ್ಲಿ ಹೊಣೆಗಾರಿಕೆಯ ಬಗ್ಗೆ ಒಳ್ಳೆಯ ತತ್ವಗಳಿವೆ. ಅವು ನೈಟ್ ಡ್ಯೂಟಿಯ ನರ್ಸಿಂಗ್ ಸ್ಟೇಷನ್‌ವರೆಗೆ ಇಳಿದು ಬರಬೇಕು.

ಆ ಮಾರ್ಗಸೂಚಿಯ ಇನ್ನೊಂದು ಭಾಗ ನಾಳೆಯಿಂದಲೇ ಪಾಲಿಸುವಂಥದ್ದು: ರೋಗಿಯ ಖಾಸಗಿತನ. ಇಸಿಜಿಯ ಫೋಟೊ ತೆಗೆದು ಚಾಟ್‌ಬಾಟಿಗೆ ಹಾಕುವುದು ಇಂದು ವಾರ್ಡಿನಲ್ಲಿ ಮಾಮೂಲಿಯಾಗಿದೆ. ಹಾಳೆಯ ಮೂಲೆಯಲ್ಲಿ ರೋಗಿಯ ಹೆಸರು, ವಯಸ್ಸು, ಐಪಿ ನಂಬರ್ ಇರುತ್ತದೆ. ಹೆಬ್ಬೆರಳೊತ್ತಿ ನಮ್ಮ ಮೇಲೆ ಪೂರ್ತಿ ಭಾರ ಹಾಕಿ ಮಲಗಿರುವವರ ಮೈಯ ಚಿತ್ರ, ಅವರ ಗುಟ್ಟು, ಅವರಿಗೆ ತಿಳಿಯದಂತೆ ಯಾವುದೋ ಕಂಪನಿಯ ಸರ್ವರಿಗೆ ಹೋಗುತ್ತಿದೆ. ಕೇಳಿ ನೋಡಿ, ವಿದ್ಯಾರ್ಥಿಗಳಲ್ಲಿ ಬಹಳ ಮಂದಿಗೆ ಇದು ತಪ್ಪೆಂದೇ ಹೊಳೆದಿರುವುದಿಲ್ಲ. ಹೇಳಿದ ಕೂಡಲೇ ಮುಖ ಸಪ್ಪೆಯಾಗುತ್ತದೆ, ಮಾರನೆಯ ದಿನದಿಂದ ಬಿಡುತ್ತಾರೆ. ಇಷ್ಟು ಸುಲಭವಾಗಿ ತಿದ್ದಿಕೊಳ್ಳುವ ಮಕ್ಕಳಿಗೆ ಯಾರೂ ಇಷ್ಟು ದಿನ ಹೇಳಿರಲಿಲ್ಲ ಎಂಬುದೇ ನನಗೆ ಸಂಕಟ.

ಪರೀಕ್ಷೆ ಬದಲಾಗದೆ ಇದ್ಯಾವುದೂ ನೆಲೆ ನಿಲ್ಲುವುದಿಲ್ಲ. ಪರೀಕ್ಷೆಗೆ ಬಾರದ್ದನ್ನು ನಮ್ಮ ಮಕ್ಕಳು ಓದುವುದಿಲ್ಲ, ನಾವೂ ಓದಿರಲಿಲ್ಲ. ಫೈನಲ್ ಇಯರ್‌ನ ಲಾಂಗ್ ಕೇಸಿನಲ್ಲಿ ವಿದ್ಯಾರ್ಥಿ ರೋಗಿಯನ್ನು ನೋಡಿ ತನ್ನ ತೀರ್ಮಾನ ಬರೆದುಕೊಟ್ಟ ಮೇಲೆ, ಅದೇ ರೋಗಿಯ ಬಗ್ಗೆ ಎಐ ಕೊಟ್ಟ ಉತ್ತರವನ್ನು ಅಚ್ಚು ಮಾಡಿ ಅವನ ಕೈಗೆ ಕೊಡಬಹುದು. ಇದರಲ್ಲಿ ಒಪ್ಪುವುದು ಯಾವುದು, ಒಪ್ಪದ್ದು ಯಾವುದು, ಯಾಕೆ, ಇನ್ನೇನು ಕೇಳಿದ್ದರೆ ಉತ್ತರ ಬದಲಾಗುತ್ತಿತ್ತು ಎಂದು ವೈವಾದಲ್ಲಿ ಕೇಳಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ಲ್ಯಾಬ್ ಬೇಡ. ಒಂದು ಹಾಳೆ, ತಾನೂ ಮೊದಲೇ ರೋಗಿಯನ್ನು ನೋಡಿರುವ ಒಬ್ಬ ಪರೀಕ್ಷಕ, ಇಷ್ಟು ಸಾಕು.

ನಮ್ಮ ಘಟಕದ ಶನಿವಾರದ ಕ್ಲಿನಿಕ್ಕಿನಲ್ಲಿ ಇದನ್ನು ಮಾಡಿ ನೋಡುತ್ತಿದ್ದೇವೆ. ಮೊದಮೊದಲು ಮಕ್ಕಳು ಎಐ ಹಾಳೆ ನೋಡಿದ ಕೂಡಲೇ ತಮ್ಮ ಉತ್ತರವನ್ನು ಹೊಡೆದು ಹಾಕುತ್ತಿದ್ದರು. ಈಗ ಹಾಳೆ ಹಿಡಿದು ಮತ್ತೆ ರೋಗಿಯ ಹತ್ತಿರ ಹೋಗುತ್ತಾರೆ. ಮುಂದಿನ ತಿಂಗಳಿಂದ ನರ್ಸಿಂಗ್ ಮೂರನೇ ವರ್ಷದವರನ್ನೂ ಸೇರಿಸಿಕೊಳ್ಳುತ್ತಿದ್ದೇವೆ. ಎರಡೂ ಕಾಲೇಜಿನ ಟೈಮ್‌ಟೇಬಲ್ ಹೊಂದಿಸುವುದೇ ಕಷ್ಟವಾಗಿತ್ತು. ಎಂಟೂವರೆಗೆ ಎಂದು ಕೊನೆಗೂ ತೀರ್ಮಾನವಾಗಿದೆ.